ಕಣ್ಣು ಕೆಂಪಾದರೆ ಪಗಾರಕ್ಕೆ ಕತ್ತರಿಯೇ?

ಕಣ್ಣು ಕೆಂಪಾದವರೆಲ್ಲ ಕುಡುಕರಲ್ಲ. ಕಣ್ಣು ಕೆಂಪಾದವರೆಲ್ಲ ಅಂಟುಜಾಡ್ಯದವರೂ ಅಲ್ಲ. ಇಷ್ಟು ಸಣ್ಣ ಮಾತನ್ನು ಮುಂಬಯಿಯ ಕೆಲವು ಹೊಟೇಲು ಮಾಲಕರ ಕಿವಿಗೆ ಮುಟ್ಟಿಸುವ ಸಲುವಾಗಿ ನಮ್ಮ ಈ ಚಿಕ್ಕ ಪತ್ರಿಕೆಯ ಇಷ್ಟು ಜಾಗವನ್ನು ಮೀಸಲಿಡಬೇಕಾಗಿ ಬಂದುದಕ್ಕೆ ನಮಗೆ ಖೇದವಿದೆ. ಆದರೆ ಬೇರೆ ಉಪಾಯ ಕಾಣೆವು. ಮಾತು ಸಣ್ಣದಾದರೂ ಅದರಿಂದ ಹೋಗುವ ಪಗಾರ ಸಣ್ಣದಲ್ಲ; ಕೆಲವರ ಪಾಲಿಗೆ ಕಣ್ಣೇ ಹೋಗುವ ಪ್ರಸಂಗವೂ ಉಂಟು.

ಹೋದ ಮಳೆಗಾಲದಿಂದ ಈಚೆಗೆ ಸಂಘದ ಕಚೇರಿಗೆ ಈ ಬಗೆಯ ದೂರು ಎರಡು ಸಲ ಬಂದಿದೆ. ಮೊದಲನೆಯವರು ಉಪನಗರದ ಒಂದು ಹೊಟೇಲಿನ ಸಪ್ಲೈಯರ್. ಹಿಂದಿನ ರಾತ್ರಿ ಕೈ ಕಡಿಮೆಯೆಂದು ಅವರನ್ನೇ ಕರೆದು ಅಕ್ಕಿಯ ಮೂಟೆಗಳನ್ನು ಮಾಳಿಗೆಗೆ ಏರಿಸಿಸಿದ್ದರು. ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ಎಡಗಣ್ಣಿನ ಬಿಳಿಯ ಭಾಗದಲ್ಲಿ ಕುಂಕುಮ ಕಲಸಿ ಬಳಿದಂತೆ ರಕ್ತ. ನೋವಿಲ್ಲ, ಪಿಸುರಿಲ್ಲ, ದೃಷ್ಟಿ ಎಂದಿನಂತೆಯೇ ಇದೆ. ಗಲ್ಲಾದಲ್ಲಿ ಕುಳಿತ ಯಜಮಾನರು ಮುಖ ನೋಡಿದವರೇ, "ರಾತ್ರಿ ಎಷ್ಟು ಏರಿಸಿದ್ದಿ?" ಎಂದರು. ಕುಡಿಯುವ ಅಭ್ಯಾಸ ತನಗಿಲ್ಲವೆಂದು ಹೇಳಿದ್ದಕ್ಕೆ, "ಹಾಗಾದರೆ ಕಣ್ಣು ಬಂದಿದೆ. ಗಿರಾಕಿ ಓಡಿಹೋಗುತ್ತಾರೆ. ಬೆಳ್ಳಗಾದ ಮೇಲೆ ಬಾ" ಎಂದರು. ಬೆಳ್ಳಗಾಗಲು ಹನ್ನೊಂದು ದಿನ ಹಿಡಿಯಿತು. ಹನ್ನೊಂದು ದಿನವೂ ಖಾಡೆ. ಪಗಾರ ಇಲ್ಲ, ಊಟ ಸ್ವಂತ ಖರ್ಚಿನದು, ಊರಿಗೆ ಹೋಗಬೇಕಾದ ಮನಿಯಾರ್ಡರು ಅರ್ಧಕ್ಕಿಳಿಯಿತು. (ಈಗ ಮೊಬೈಲಿನಲ್ಲಿ ಕಳುಹಿಸುತ್ತಾರೆ, ಹೆಸರು ಮಾತ್ರ ನಮಗೆ ಮನಿಯಾರ್ಡರೇ.)

ಎರಡನೆಯವರು ಇನ್ನೊಂದು ಹೊಟೇಲಿನ ಭಟ್ಟಿಯಲ್ಲಿ ಕೆಲಸ ಮಾಡುವ ಹುಡುಗ. ತೆಂಗಿನಕಾಯಿ ಒಡೆಯುವಾಗ ಕರಟದ ಚೂರು ಸಿಡಿದು ಕಣ್ಣಿಗೆ ತಾಗಿತು. ಅಲ್ಲಿಯೂ ಕಣ್ಣು ಕೆಂಪಾಯಿತು, ಆದರೆ ನೋವಿತ್ತು, ನೀರು ಸುರಿಯುತ್ತಿತ್ತು, ಬೆಳಕು ನೋಡಲಾಗುತ್ತಿರಲಿಲ್ಲ. ಅವನಿಗೆ ಸಿಕ್ಕ ಅಪ್ಪಣೆಯೇನು? "ಬರೀ ರಕ್ತ ಕಟ್ಟಿದೆ, ನೀರು ಹಾಕಿ ತೊಳೆದುಕೋ, ಚಟ್ನಿಗೆ ತಡವಾಗುತ್ತದೆ." ಮೂರನೆಯ ದಿನ ಆ ಕಣ್ಣಿಗೆ ಮಬ್ಬು ಕವಿದ ಮೇಲೆ ಜತೆಯವರೇ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ನಾವು ಓದುಗರನ್ನು ಕೇಳಿಕೊಳ್ಳುತ್ತೇವೆ. ಏನೂ ಅಪಾಯವಿಲ್ಲದ ಕೆಂಪು ಗಿರಾಕಿಯ ಕಣ್ಣಿಗೆ ಬೀಳುತ್ತದೆಂದು ಮನೆಗೆ ಅಟ್ಟಲ್ಪಡುತ್ತದೆ. ಅಪಾಯದ ಕೆಂಪು ಭಟ್ಟಿಯ ಹೊಗೆಯಲ್ಲಿ ಯಾರಿಗೂ ಕಾಣುವುದಿಲ್ಲವೆಂದು ಕೆಲಸಕ್ಕೆ ತಳ್ಳಲ್ಪಡುತ್ತದೆ. ಎರಡೂ ಕಡೆಗಳಲ್ಲಿ ಅಳತೆಗೋಲು ಒಂದೇ: ಗಲ್ಲಾ. ಕೆಲಸಗಾರನ ಕಣ್ಣು ಆ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಈಗ ಈ ಕೆಂಪು ಏನೆಂಬುದನ್ನು ಬಿಡಿಸಿ ಹೇಳುವೆವು. ಕಣ್ಣಿನ ಬಿಳಿಗುಡ್ಡೆಯ ಮೇಲೆ ಈರುಳ್ಳಿಯ ಒಳಪೊರೆಯಂತೆ ತೆಳ್ಳಗಿನ, ಆಚೆಯದು ಕಾಣುವಂಥ ಒಂದು ಪೊರೆ ಉಂಟು. ವೈದ್ಯರು ಅದನ್ನು ಕಂಜಂಕ್ಟೈವಾ ಎನ್ನುತ್ತಾರೆ. ಅದರಲ್ಲಿ ಕೂದಲಿಗಿಂತ ನವುರಾದ ರಕ್ತನಾಳಗಳು ಹರಡಿಕೊಂಡಿವೆ. ಅವುಗಳಲ್ಲಿ ಒಂದು ಒಡೆದರೆ ಒಂದೆರಡು ಹನಿ ರಕ್ತ ಹೊರಗೆ ಬರಲಾರದೆ, ಒಳಗೆ ಹೋಗಲಾರದೆ ಪೊರೆಗೂ ಬಿಳಿಗುಡ್ಡೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಮೊಣಕೈಗೆ ಪೆಟ್ಟು ಬಿದ್ದಾಗ ಚರ್ಮದಡಿಯಲ್ಲಿ ರಕ್ತ ಕಟ್ಟುವುದಿಲ್ಲವೇ? ಇದೂ ಅದೇ. ಮೊಣಕೈಯ ಚರ್ಮ ದಪ್ಪ, ಆದ್ದರಿಂದ ಅಲ್ಲಿ ನೀಲಿಯಾಗಿ ಕಾಣುತ್ತದೆ. ಕಣ್ಣಿನ ಪೊರೆ ಗಾಜಿನಂತಿರುವುದರಿಂದ ಇಲ್ಲಿ ರಕ್ತ ರಕ್ತದಂತೆಯೇ ಕಾಣುತ್ತದೆ. ಹೊರಗಿನ ಗಾಳಿಯ ಪ್ರಾಣವಾಯು ಆ ತೆಳುಪೊರೆಯ ಮೂಲಕ ಇಳಿದು ಅದನ್ನು ಕಡುಕೆಂಪಾಗಿಯೇ ಉಳಿಸುತ್ತದೆ. ನೋಡುವವರಿಗೆ ಭಯಂಕರ, ಇದ್ದವನಿಗೆ ಏನೂ ಇಲ್ಲ. ಆ ಪೊರೆ ಕರಿಗುಡ್ಡೆಯ ಅಂಚಿಗೆ ಬಂದು ಮುಗಿಯುತ್ತದೆ. ರಕ್ತವೂ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದಲೇ ದೃಷ್ಟಿಗೆ ಬಾಧೆಯಿಲ್ಲ.

ಇದು ಒಡೆಯುವುದು ಏತರಿಂದ? ಜೋರಾಗಿ ಕೆಮ್ಮಿದರೆ, ಸೀನಿದರೆ, ವಾಂತಿ ಮಾಡಿದರೆ, ಮಲಬದ್ಧತೆಯಿಂದ ಮುಕ್ಕಿದರೆ, ಭಾರ ಎತ್ತಿದರೆ, ಕಣ್ಣನ್ನು ಮುಷ್ಟಿಯಿಂದ ಉಜ್ಜಿದರೆ. ಇನ್ನು ಹಲವು ಸಲ ಕಾರಣವೇ ಇಲ್ಲದೆ, ಮಲಗಿದಲ್ಲಿಯೇ ಒಡೆಯುವುದೂ ಉಂಟು. ನಮ್ಮ ಕೆಲಸದ ಮನೆಯನ್ನು ಬಲ್ಲವರು ಈ ಮಾತುಗಳನ್ನು ಓದಿ ನಗಬಹುದು. ಒಣಮೆಣಸಿನ ಒಗ್ಗರಣೆ ಹಾಕಿದಾಗ ಭಟ್ಟಿಯಲ್ಲಿ ಸೀನದವರು ಯಾರಿದ್ದಾರೆ? ೧೯ ಕಿಲೋ ಅನಿಲದ ಸಿಲಿಂಡರು ಉಕ್ಕಿನ ತೂಕ ಸೇರಿ ಸುಮಾರು ಇಮ್ಮಡಿಯಾಗುತ್ತದೆ. ಅದನ್ನು ಮೆಟ್ಟಿಲಲ್ಲಿ ಹೊರುವಾಗ ಉಸಿರು ಬಿಗಿಹಿಡಿಯದವರು ಯಾರು? ಹಿಟ್ಟು ತುಂಬಿದ ಕೊಪ್ಪರಿಗೆಯನ್ನು ಇಬ್ಬರ ಬದಲಿಗೆ ಒಬ್ಬನೇ ಎಳೆಯುವಾಗ ಹಣೆಯ ನರ ಉಬ್ಬುವುದನ್ನು ಕಂಡಿದ್ದೇವೆ. ಹಣೆಯಲ್ಲಿ ಉಬ್ಬುವುದು ಕಣ್ಣಿನಲ್ಲಿ ಒಡೆದರೆ ಅದಕ್ಕೆ ಹೆಂಡದ ಅಂಗಡಿಯನ್ನು ದೂರುವುದೇ?

ಮಾಲಕರ ಪರವಾಗಿಯೂ ಒಂದು ಮಾತನ್ನು ಒಪ್ಪಬೇಕು. ಕಣ್ಣಿನ ಅಂಟುಜಾಡ್ಯ ಸುಳ್ಳಲ್ಲ. ೧೯೭೧ರಲ್ಲಿ ರಕ್ತ ಒಸರಿಸುವ ಒಂದು ಹೊಸ ಕಣ್ಣುಬೇನೆ ಮುಂಬಯಿಯನ್ನೆಲ್ಲ ವ್ಯಾಪಿಸಿತ್ತು. ಬಾಂಗ್ಲಾ ಯುದ್ಧದ ಆ ವರ್ಷ ಬಂಗಾಲದ ಜನ ಅದಕ್ಕೆ 'ಜಯ ಬಾಂಗ್ಲಾ' ಎಂದೇ ಹೆಸರಿಟ್ಟರು. ೨೦೨೩ರ ಜುಲೈ, ಆಗಸ್ಟು ತಿಂಗಳುಗಳಲ್ಲಿ ಮಹಾರಾಷ್ಟ್ರದಲ್ಲಿ ಕಣ್ಣುಬೇನೆ ಊರೂರು ತಿರುಗಿದ್ದನ್ನು ಎಲ್ಲರೂ ಕಂಡಿದ್ದೇವೆ. ಅಂಥ ಬೇನೆ ಬಂದವನು ಬಡಿಸುವ ಕೆಲಸದಲ್ಲಿ ಇರಕೂಡದು. ಅದು ಗಿರಾಕಿಗೂ ಅನ್ಯಾಯ, ಒಂದೇ ಖೋಲಿಯಲ್ಲಿ ಒಂದೇ ಟವೆಲಿನಿಂದ ಮುಖ ಒರೆಸುವ ಹತ್ತು ಜನ ಜತೆಗಾರರಿಗೂ ಅನ್ಯಾಯ. ಇದರಲ್ಲಿ ನಮಗೆ ತಕರಾರಿಲ್ಲ.

ಆದರೆ ಎರಡನ್ನೂ ಬೇರೆ ಮಾಡಿ ಗುರುತಿಸಲು ಏನು ದೊಡ್ಡ ವಿದ್ಯೆ ಬೇಕು? ಕಣ್ಣು ಬಂದರೆ ಪಿಸುರು ಬರುತ್ತದೆ, ಬೆಳಿಗ್ಗೆ ರೆಪ್ಪೆಗಳು ಅಂಟಿಕೊಂಡಿರುತ್ತವೆ, ಮರಳು ಬಿದ್ದಂತೆ ಚುಚ್ಚುತ್ತದೆ, ಕೆಂಪು ಇಡೀ ಕಣ್ಣಿಗೆ ಬಲೆಬಲೆಯಾಗಿ ಹರಡಿರುತ್ತದೆ, ಒಂದೆರಡು ದಿನಗಳಲ್ಲಿ ಇನ್ನೊಂದು ಕಣ್ಣಿಗೂ ಸಾಮಾನ್ಯವಾಗಿ ಹತ್ತುತ್ತದೆ. ನಾಳ ಒಡೆದಲ್ಲಿ ಇವೊಂದೂ ಇಲ್ಲ. ಒಂದು ಕಣ್ಣು, ಒಂದು ಮಗ್ಗುಲು, ಬಣ್ಣ ಚೆಲ್ಲಿದಂತೆ ಗಟ್ಟಿ ಕೆಂಪು, ಪಕ್ಕದಲ್ಲಿಯೇ ಶುಭ್ರವಾದ ಬಿಳಿ. ನೋವಿಲ್ಲ, ಪಿಸುರಿಲ್ಲ. ಹೆಚ್ಚೆಂದರೆ ತುಸು ಕಿರಿಕಿರಿ. ಅದು ಯಾರಿಗೂ ಅಂಟುವುದಿಲ್ಲ. ಇಡ್ಲಿಯ ತಟ್ಟೆಯ ಮೂಲಕವೂ ಇಲ್ಲ, ನೋಟದ ಮೂಲಕವೂ ಇಲ್ಲ. ಹಳಸಿದ ಚಟ್ನಿಯನ್ನು ವಾಸನೆಯಿಂದಲೇ ಪತ್ತೆಮಾಡುವ ಯಜಮಾನರಿಗೆ ಇಷ್ಟು ವ್ಯತ್ಯಾಸ ತಿಳಿಯದೆಂದರೆ ನಾವು ನಂಬೆವು. ಗಿರಾಕಿಗೆ ಅಸಹ್ಯವಾಗುತ್ತದೆಂಬುದೇ ತೊಂದರೆಯಾದರೆ ಆ ಹತ್ತು ದಿನ ಅವನನ್ನು ಕೌಂಟರಿನ ಹಿಂದೆ, ಪಾರ್ಸಲು ಕಟ್ಟುವಲ್ಲಿ ನಿಲ್ಲಿಸಲಿ. ಪಗಾರ ಕತ್ತರಿಸಲು ಅದು ಕಾರಣವಲ್ಲ. ಇನ್ನು, ನಿಜವಾಗಿ ಅಂಟುಬೇನೆಯೇ ಬಂದವನನ್ನು ಮನೆಗೆ ಕಳುಹಿಸುವುದು ಗಿರಾಕಿಯ ಹಿತಕ್ಕಾಗಿ ಎಂದ ಮೇಲೆ, ಅದರ ಖರ್ಚನ್ನು ಆ ಬಡವನೊಬ್ಬನೇ ಏಕೆ ಹೊರಬೇಕು?

ಮಾಲಕರನ್ನು ಮಾತ್ರ ಬೈದು ನಮ್ಮವರನ್ನು ಬಿಟ್ಟರೆ ಪಕ್ಷಪಾತವಾದೀತು. ಒಡೆದ ನಾಳಕ್ಕೆ ಮದ್ದು ಏನೆಂದು ಕೇಳಿದರೆ ಸರಿಯಾದ ಉತ್ತರ, ಏನೂ ಇಲ್ಲ. ರಕ್ತ ತಾನಾಗಿ ಹೀರಿಹೋಗಬೇಕು. ಮೊದಲ ಒಂದೆರಡು ದಿನ ಕೆಂಪು ಇನ್ನಷ್ಟು ಹರಡಿದಂತೆ ಕಾಣುವುದು ಸಹಜ. ಆಮೇಲೆ ಕಂದು, ಹಳದಿ ಬಣ್ಣಕ್ಕೆ ತಿರುಗಿ ಒಂದು ವಾರದಿಂದ ಎರಡು ವಾರಗಳಲ್ಲಿ, ದೊಡ್ಡದಾಗಿದ್ದರೆ ಮೂರು ವಾರಗಳಲ್ಲಿ ಮಾಯವಾಗುತ್ತದೆ. ಕಿರಿಕಿರಿಯಿದ್ದರೆ ಕಣ್ಣೀರಿನಂಥ ಸಾದಾ ತೇವದ ಹನಿಗಳು ಸಾಕು. ಉಜ್ಜಬಾರದು, ಭಾರ ಎತ್ತಬಾರದು. ಇಷ್ಟೇ. ಏನೂ ಮಾಡದಿರುವುದು ನಮ್ಮ ಜನರಿಗೆ ಎಲ್ಲಕ್ಕಿಂತ ಕಷ್ಟದ ಚಿಕಿತ್ಸೆ! ಒಬ್ಬ ಎದೆಹಾಲು ಹಿಂಡು ಎನ್ನುತ್ತಾನೆ, ಇನ್ನೊಬ್ಬ ಜೇನುತುಪ್ಪ, ಮತ್ತೊಬ್ಬ ಹರಳೆಣ್ಣೆ. ಊರಿನಲ್ಲಿ ಅಜ್ಜಿ ನಂದಿಬಟ್ಟಲ ಹೂವನ್ನು ನೀರಿನಲ್ಲಿ ನೆನೆಸಿ ಕಣ್ಣಿಗಿಡುತ್ತಿದ್ದಳೆಂದು ಇಲ್ಲಿ ಗಟಾರದ ಬದಿಯ ಗಿಡದ ಹೂವನ್ನು ಕಿತ್ತು ಹಿಂಡುವವರಿದ್ದಾರೆ. ಅಜ್ಜಿಯ ಪ್ರೀತಿಗೆ ನಾವು ಕೈಮುಗಿಯುತ್ತೇವೆ. ಆದರೆ ಎಲೆ, ಹೂವುಗಳ ರಸದೊಡನೆ ಬೂಷ್ಟಿನ ಬೀಜ ಕಣ್ಣಿಗಿಳಿದು ಕರಿಗುಡ್ಡೆಯಲ್ಲಿ ಹುಣ್ಣಾದರೆ ಅದು ವಾಸಿಯಾಗಲು ತಿಂಗಳುಗಳೇ ಬೇಕು, ಬಿಳಿ ಕಲೆ ಉಳಿದುಬಿಡಬಹುದು. ತಾನಾಗಿ ಹೋಗುವ ಕೆಂಪಿಗೆ ತಾನಾಗಿ ಹೋಗದ ಕುರುಡನ್ನು ತಂದುಕೊಳ್ಳುವುದು ಯಾವ ಜಾಣತನ?

ಅಜ್ಜಿಯ ಮದ್ದಿಗಿಂತ ನಮಗೆ ಹೆಚ್ಚು ಭಯ ಮೆಡಿಕಲ್ ಅಂಗಡಿಯ ಮದ್ದಿನದು. ನಾಕೆಯ ಮೇಲಿನ ಅಂಗಡಿಯವನು ಕಣ್ಣು ನೋಡಿದವನೇ ಕಪಾಟಿನಿಂದ ಒಂದು ಪುಟ್ಟ ಸೀಸೆ ತೆಗೆದುಕೊಡುತ್ತಾನೆ. ಅನೇಕ ಸಲ ಅದರಲ್ಲಿ ಸ್ಟಿರಾಯ್ಡ್ ಇರುತ್ತದೆ. ಸ್ಟಿರಾಯ್ಡ್ ಹನಿಗಳಿಂದ ಕೆಂಪು ಬೇಗ ಇಳಿದಂತೆ ಕಾಣುತ್ತದೆ, ಜನರಿಗೆ ಅದೇ ಮೋಹ. ಒಮ್ಮೆ ಇಳಿಯಿತೆಂದು ಪ್ರತಿ ಸಲವೂ ಅದನ್ನೇ ಹಾಕಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಹಾಕಿಕೊಂಡವರಲ್ಲಿ ಕಣ್ಣಿನೊಳಗಿನ ಒತ್ತಡ ಏರಿ ಗ್ಲೌಕೋಮಾ ಬರಬಹುದು, ಮೋತಿಬಿಂದು ಬೇಗ ಕಟ್ಟಬಹುದು. ಕರಿಗುಡ್ಡೆಯಲ್ಲಿ ಮೊದಲೇ ಹುಣ್ಣಿದ್ದರೆ ಅದು ಕಾಡುಕಿಚ್ಚಿನಂತೆ ಬೆಳೆಯುತ್ತದೆ. ವೈದ್ಯರ ಚೀಟಿಯಿಲ್ಲದೆ ಅಂಥ ಔಷಧ ಮಾರಕೂಡದೆಂದು ಸರಕಾರದ ನಿಯಮವಿದೆ. ನಿಯಮ ಸೀಸೆಯ ಮೇಲೆ ಅಚ್ಚಾಗಿದೆ, ಅಷ್ಟೇ. ಡಾಕ್ಟರರಿಗೆ ಕೊಡುವ ನೂರಿನ್ನೂರು ರೂಪಾಯಿ ಉಳಿಯಿತೆಂದು ನಮ್ಮವರು ಸಂತೋಷಪಡುತ್ತಾರೆ. ಕೆ.ಇ.ಎಂ., ನಾಯರ್, ಸಾಯನ್, ಜೆ.ಜೆ. ಇವೆಲ್ಲ ಸಾರ್ವಜನಿಕ ಆಸ್ಪತ್ರೆಗಳು. ಅಲ್ಲಿಯ ನೇತ್ರ ವಿಭಾಗಗಳಲ್ಲಿ ಕ್ಯೂ ಉದ್ದವಿದ್ದೀತು, ಖರ್ಚು ಹೆಚ್ಚಿಲ್ಲ. ಕ್ಯೂ ನಿಲ್ಲಲು ಅರ್ಧ ದಿನದ ಬಿಡುವು ಕೊಡುವವರು ಯಾರು ಎಂದು ಕೇಳುತ್ತೀರಾದರೆ, ಪ್ರಶ್ನೆ ಮತ್ತೆ ಗಲ್ಲಾದ ಕಡೆಗೇ ತಿರುಗುತ್ತದೆ.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರುತ್ತೇವೆ. ಕಣ್ಣಿನ ಆ ಹನಿ ರಕ್ತ ರೋಗವಲ್ಲ ಎಂದೆವು. ಕೆಲವರಲ್ಲಿ ಅದು ರೋಗದ ಸುದ್ದಿ ತಂದಿರಬಹುದು. ಐವತ್ತು ದಾಟಿದವರಲ್ಲಿ ನಾಳ ಒಡೆದರೆ, ಅಥವಾ ಯಾವ ವಯಸ್ಸಿನವರಲ್ಲಾದರೂ ಮತ್ತೆ ಮತ್ತೆ ಒಡೆದರೆ, ವೈದ್ಯರು ಮೊದಲು ಕೈಗೆ ಪಟ್ಟಿ ಕಟ್ಟಿ ರಕ್ತದ ಒತ್ತಡ ನೋಡುತ್ತಾರೆ, ಸಕ್ಕರೆ ಪರೀಕ್ಷಿಸುತ್ತಾರೆ. ರಕ್ತ ತೆಳುವಾಗಿಸುವ ಗುಳಿಗೆಗಳನ್ನು, ಹೃದಯದ ತೊಂದರೆಯವರಿಗೆ ಕೊಡುವ ಆಸ್ಪಿರಿನ್ನಿನಂಥದನ್ನು, ನುಂಗುತ್ತೀರಾ ಎಂದು ವಿಚಾರಿಸುತ್ತಾರೆ. (ನುಂಗುವವರು ಕಣ್ಣು ಕೆಂಪಾಯಿತೆಂದು ಹೆದರಿ ತಾವಾಗಿಯೇ ನಿಲ್ಲಿಸಕೂಡದು, ವೈದ್ಯರನ್ನು ಕೇಳಿಯೇ ಮುಂದಿನದು.) ರಕ್ತದ ಒತ್ತಡ ೧೪೦ಕ್ಕೆ ೯೦ನ್ನು ಮುಟ್ಟಿ ಬೇರೆ ಬೇರೆ ದಿನ ನೋಡಿದಾಗಲೂ ಇಳಿಯದಿದ್ದರೆ ಅದು ಹೆಚ್ಚೆಂದೇ ಅರ್ಥ. ಈ ಜಾಡ್ಯ ಕಳ್ಳನಂತಹದು. ತಲೆ ನೋಯುವುದಿಲ್ಲ, ಮೈ ಬಿಸಿಯಾಗುವುದಿಲ್ಲ. ಕಾಲು ಗಟ್ಟಿಯಿದ್ದವನು ಒಂದು ದಿನ ಟೇಬಲಿನ ಪಕ್ಕದಲ್ಲಿ ಕುಸಿದು, ಅರ್ಧ ಅಂಗ ಸೋತು ಊರಿಗೆ ಮರಳುತ್ತಾನೆ. ಹಾಗೆ ಊರಿಗೆ ಹೋದವರನ್ನು ನಿಮ್ಮಲ್ಲಿ ಪ್ರತಿಯೊಬ್ಬರೂ ಬಲ್ಲಿರಿ. ಅವರ ರಕ್ತದ ಒತ್ತಡವನ್ನು ಅದಕ್ಕೆ ಮುಂಚೆ ಯಾರಾದರೂ ಒಮ್ಮೆ ಅಳೆದಿದ್ದರೇ?

ಅಳೆಯುವ ಕೆಲಸ ಹತ್ತು ನಿಮಿಷದ್ದು. ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ಅರ್ಧ ಗಂಟೆ ಮುಂಚಿನಿಂದ ಚಹಾ, ಬೀಡಿ ಇರಬಾರದು. ಹೊಟೇಲಿನವನಿಗೆ ಇದೇ ದೊಡ್ಡ ತಪಸ್ಸು; ಐದು ನಿಮಿಷ ಕುಳಿತರೆ ಗಲ್ಲಾದಿಂದ ಗಂಟೆ ಬಾರಿಸುತ್ತದೆ. ನಸುಕಿನ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಬೆಂಚು ಜೋಡಿಸಿ ಮಲಗುವವನ ನಿದ್ದೆ ಎಷ್ಟು? ಅವನ ಊಟವೇನು? ಅನ್ನ, ಉಳಿದ ಸಾಂಬಾರು, ಹಪ್ಪಳ, ಉಪ್ಪಿನಕಾಯಿ. ದಿನಕ್ಕೆ ಉಪ್ಪು ಐದು ಗ್ರಾಮಿನೊಳಗೆ, ಅಂದರೆ ಒಂದು ಚಿಕ್ಕ ಚಮಚದೊಳಗೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಒಂದು ಹೊತ್ತಿನ ಉಪ್ಪಿನಕಾಯಿಯೇ ಆ ಚಮಚದ ಬಹುಪಾಲನ್ನು ತಿಂದುಬಿಡುತ್ತದೆ. ನಿದ್ದೆಗೆಟ್ಟವನಿಗೆ, ಉಪ್ಪು ತಿಂದವನಿಗೆ, ಒತ್ತಡ ಏರಿದವನಿಗೆ ಕಣ್ಣಿನಲ್ಲಿ ಒಂದು ಎಳೆ ಒಡೆದರೆ ಆ ಎಳೆಯನ್ನು ಬೈದು ಫಲವೇನು? ಅದನ್ನು ಮುಚ್ಚಿಡಲು ಕರಿಕನ್ನಡಕ ಹಾಕಿಸಿ ಕೆಲಸಕ್ಕೆ ನಿಲ್ಲಿಸಿದ ಮಾಲಕರೂ ಉಂಟು! ಕನ್ನಡಕಕ್ಕೆ ದುಡ್ಡಿತ್ತು, ಪಟ್ಟಿ ಕಟ್ಟಿ ನೋಡಿಸಲು ಮನಸ್ಸಿರಲಿಲ್ಲ.

ಅಪಾಯದ ಕೆಂಪಿನ ಬಗ್ಗೆ ಮೇಲೆ ಸೂಚಿಸಿದೆವು. ಅದನ್ನು ಎಲ್ಲರೂ ನೆನಪಿಡಬೇಕು. ಪೆಟ್ಟು ಬಿದ್ದು ಕೆಂಪಾದ ಕಣ್ಣು ಸಾದಾ ಕೆಂಪೆಂದು ಯಾರೂ ತೀರ್ಮಾನಿಸಕೂಡದು. ಮಾಲಕನೂ ಕೂಡದು, ಮುಕಾದಮನೂ ಕೂಡದು, ನಾವೂ ಕೂಡದು. ನೋವಿದ್ದರೆ, ಮಬ್ಬಾದರೆ, ಎರಡೆರಡಾಗಿ ಕಂಡರೆ, ಬೆಳಕು ತಾಳದಿದ್ದರೆ, ರಕ್ತ ಕರಿಗುಡ್ಡೆಯ ಮುಂದುಗಡೆಯೇ ನಿಂತಂತೆ ಕಂಡರೆ, ಅದೇ ಗಳಿಗೆಯಲ್ಲಿ ನೇತ್ರವೈದ್ಯರ ಬಳಿಗೆ ಹೋಗಬೇಕು. ತಲೆಗೆ ಪೆಟ್ಟು ಬಿದ್ದ ಮೇಲೆ ಕಣ್ಣಿನ ಕೆಂಪು ಹಿಂದಕ್ಕೆ ಹಿಂದಕ್ಕೆ ಹೋಗಿ ಅದರ ಅಂಚೇ ಕಾಣದಿದ್ದರೆ ತಲೆಬುರುಡೆಯಲ್ಲಿಯೇ ಬಿರುಕಿರಬಹುದು. ಚೂರು ಚುಚ್ಚಿಕೊಂಡಿದ್ದರೆ ಕೀಳಬಾರದು, ಕಣ್ಣನ್ನು ಒತ್ತಬಾರದು. ಕಾದ ಎಣ್ಣೆಯೋ ಪಾತ್ರೆ ತೊಳೆಯುವ ಸೋಡಾದ ನೀರೋ ಸಿಡಿದಿದ್ದರೆ ಮಾತ್ರ ತಡಮಾಡದೆ ಶುದ್ಧ ನೀರನ್ನು ಸುಮಾರು ಅರ್ಧ ಗಂಟೆ ಸುರಿಯುತ್ತಿದ್ದು, ಆಮೇಲೆ ಆಸ್ಪತ್ರೆಗೆ ಓಡಬೇಕು.

ಗಿರಣಿಯವರಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ. ಮುಂಬಯಿಯಲ್ಲಿ ೧೯೮೨ರ ಜನವರಿ ೧೮ರಂದು ಮೊದಲಾದ ಮುಷ್ಕರದ ನಂತರ ಪರಳ, ಲಾಲಬಾಗಗಳ ಭೋಂಗಾ ಒಂದೊಂದಾಗಿ ಮೂಕವಾಯಿತು. ಆ ಚಿಮಣಿಗಳ ಜಾಗದಲ್ಲಿ ಈಗ ಗಾಜಿನ ಗೋಪುರಗಳು. ಆದರೆ ಸೊಲ್ಲಾಪುರ, ಇಚಲಕರಂಜಿ, ಭಿವಂಡಿಗಳಲ್ಲಿ ಯಂತ್ರಮಗ್ಗಗಳು ಇನ್ನೂ ಓಡುತ್ತಿವೆ, ಕನ್ನಡಿಗರ ಕೈಗಳೂ ಅಲ್ಲಿವೆ. ಲಾಳಿ ದಾರಿ ತಪ್ಪಿ ಹಾರಿದರೆ ಅದರ ಲೋಹದ ಮೊನೆ ಏನು ಮಾಡುತ್ತದೆಂಬುದನ್ನು ಸಾಂಚೆಯ ಮುಂದೆ ನಿಂತವರು ಬಲ್ಲರು. ಕಣ್ಣಿಗೆ ಚೂರು ಸಿಡಿಯುವ ಕೆಲಸಗಳಲ್ಲಿ ಪರದೆಯನ್ನೋ ಕನ್ನಡಕವನ್ನೋ ಒದಗಿಸಬೇಕೆಂದು ೧೯೪೮ರ ಕಾರಖಾನೆ ಕಾಯಿದೆಯ ೩೫ನೆಯ ಕಲಮು ವಿಧಿಸಿತ್ತು. ೨೦೧೯, ೨೦೨೦ರಲ್ಲಿ ಪಾರ್ಲಿಮೆಂಟು ಹಳೆಯ ಕಾರ್ಮಿಕ ಕಾಯಿದೆಗಳನ್ನು ನಾಲ್ಕು ಸಂಹಿತೆಗಳೊಳಗೆ ಸೇರಿಸಿತು. ಕಾಯಿದೆಯ ರಟ್ಟು ಬದಲಾಯಿತೆಂದು ಲಾಳಿಯ ಮೊನೆ ಮೊಂಡಾಗಲಿಲ್ಲ.

ಪೆಟ್ಟಿನ ಕೆಂಪನ್ನು 'ಬರೀ ರಕ್ತ ಕಟ್ಟಿದ್ದು' ಎಂದು ಹಾರಿಸುವುದರಲ್ಲಿ ಇನ್ನೊಂದು ಗುಟ್ಟಿದೆ. ಕೆಲಸದ ಹೊತ್ತಿನಲ್ಲಿ ಆದ ಅಪಘಾತವೆಂದು ದಾಖಲೆಯಾದರೆ, ಇ.ಎಸ್.ಐ. ಇದ್ದವನಿಗೆ ಕೆಲಸ ಮಾಡಲಾಗದ ದಿನಗಳಿಗೆ ಪಗಾರದ ಶೇಕಡಾ ೯೦ ಸಿಗುತ್ತದೆ. ಇಷ್ಟು ದಿನ ಚಂದಾ ಕಟ್ಟಿರಬೇಕೆಂಬ ಕಟ್ಟಲೆಯೂ ಅದಕ್ಕಿಲ್ಲ. ದಾಖಲೆಯಾಗದಿದ್ದರೆ? ಮೂರು ತಿಂಗಳ ಬಳಿಕ ಕಣ್ಣು ಮಬ್ಬಾಯಿತೆಂದು ಹೋದವನಿಗೆ "ಎಲ್ಲೋ ಬಿದ್ದಿರಬೇಕು" ಎಂಬ ಉತ್ತರ ಸಿದ್ಧವಿರುತ್ತದೆ. ಆದ್ದರಿಂದ ಪೆಟ್ಟಾದ ದಿನವೇ ಅಪಘಾತದ ವಹಿಯಲ್ಲಿ ಬರೆಸಿ, ಆಸ್ಪತ್ರೆಯ ಕಾಗದದಲ್ಲಿ ಎಲ್ಲಿ, ಯಾವಾಗ, ಏನು ತಾಗಿ ಆಯಿತೆಂದು ಡಾಕ್ಟರರಿಂದ ಬರೆಸಿಕೊಳ್ಳಿ. ಸಾದಾ ಕಾಯಿಲೆಗೂ ಅರ್ಹನಾದವನಿಗೆ ವರ್ಷದಲ್ಲಿ ೯೧ ದಿನಗಳವರೆಗೆ ಪಗಾರದ ಶೇಕಡಾ ೭೦ ಕೊಡುವ ಏರ್ಪಾಡು ಅದರಲ್ಲಿದೆ. ೨೦೧೯ರ ಜುಲೈಯಿಂದ ಕೆಲಸಗಾರನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಕನದು ಮೂರೂಕಾಲು. ಆ ಮೂರೂಕಾಲು ಉಳಿಸುವ ಸಲುವಾಗಿಯೇ ಮಸ್ಟರಿನಲ್ಲಿ ಹೆಸರು ಏರಿಸದ ಹೊಟೇಲುಗಳು ಎಷ್ಟಿಲ್ಲ! ಮಹಾರಾಷ್ಟ್ರದ ೨೦೧೭ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯೂ ತನ್ನ ವ್ಯಾಪ್ತಿಯ ಕೆಲಸಗಾರರಿಗೆ ವರ್ಷಕ್ಕೆ ೮ ದಿನಗಳ ಪಗಾರಸಹಿತ ಸಾಂದರ್ಭಿಕ ರಜೆಯನ್ನು ಬರೆಯಿತು. ಎಂಟು ದಿನ! ಅದನ್ನು ಕೇಳಿ ಪಡೆದವರು ಕೈಯೆತ್ತಿ ಎಂದರೆ ನಮ್ಮ ಸಭೆಯಲ್ಲಿ ಎಷ್ಟು ಕೈಗಳು ಏಳುತ್ತವೆಯೋ ನೋಡಬೇಕು.

ಮಳೆಗಾಲದ ಒಂದು ಸಂಗತಿಯನ್ನು ಇಲ್ಲಿಯೇ ಸೇರಿಸುತ್ತೇವೆ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜದಲ್ಲಿ ಒಂದೇ ದಿನ ೯೪೪ ಮಿಲಿಮೀಟರು ಮಳೆ ಸುರಿದು ಊರು ಮುಳುಗಿದ ಬಳಿಕ ಇಲಿಜ್ವರ ಅನೇಕರನ್ನು ಬಲಿ ತೆಗೆದುಕೊಂಡಿತು. ಆ ಜ್ವರದಲ್ಲಿಯೂ ಕಣ್ಣು ಕೆಂಪಾಗುತ್ತದೆ, ಪಿಸುರಿರುವುದಿಲ್ಲ. ಕೆಲವೊಮ್ಮೆ ಕಣ್ಣಿನಲ್ಲಿ ರಕ್ತವೇ ಕಟ್ಟುತ್ತದೆ. ಚಳಿಜ್ವರ, ಮೀನಖಂಡದಲ್ಲಿ ಮುಟ್ಟಗೊಡದ ನೋವು, ಜತೆಗೆ ಕೆಂಪು ಕಣ್ಣು ಇದ್ದರೆ ಅದು ಕಾಯುವ ಕೆಂಪಲ್ಲ. ಮೋರಿಯಲ್ಲಿ ಬರಿಗಾಲಿನಲ್ಲಿ ನಿಂತು ಪಾತ್ರೆ ತೊಳೆಯುವವರು, ನೆರೆನೀರಿನಲ್ಲಿ ನಡೆದು ಬಂದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಬೇಗ ಹೋದವನಿಗೆ ಸಾಮಾನ್ಯ ಔಷಧಗಳಿಂದಲೇ ಗುಣವಾಗುತ್ತದೆ. ತಡಮಾಡಿದವನ ಮೂತ್ರಪಿಂಡ, ಯಕೃತ್ತುಗಳಿಗೆ ಅದು ಇಳಿಯುತ್ತದೆ. ಹಾಗೆಯೇ ವಸಡಿನಲ್ಲಿ, ಮೂಗಿನಲ್ಲಿ ರಕ್ತ ಬಂದು ಮೈಮೇಲೆ ಕಲೆಗಳೆದ್ದರೂ ಕಣ್ಣಿನ ಕೆಂಪನ್ನು ಕಣ್ಣಿನದೆಂದು ಮಾತ್ರ ತಿಳಿಯಬಾರದು.

ಮಾಲಕರಿಂದ ನಾವು ಕೇಳುವುದು ಬೆಟ್ಟವನ್ನಲ್ಲ. ಕಣ್ಣು ಕೆಂಪಾಯಿತೆಂಬ ಮಾತ್ರಕ್ಕೆ ಯಾರನ್ನೂ ಖಾಡೆ ಬರೆದು ಹೊರಗೆ ಹಾಕಬಾರದು; ಡಾಕ್ಟರರು ಕೆಲಸಕ್ಕೆ ಯೋಗ್ಯನೆಂದು ಬರೆದುಕೊಟ್ಟರೆ ಅದೇ ದಿನ ಒಳಗೆ ಸೇರಿಸಬೇಕು. ಅಂಟುಬೇನೆಯವನನ್ನು ಮನೆಗೆ ಕಳುಹಿಸಿದರೆ ಪಗಾರಸಹಿತ ಕಳುಹಿಸಬೇಕು. ಪೆಟ್ಟಾದರೆ ವಹಿಯಲ್ಲಿ ಬರೆದು ಆಸ್ಪತ್ರೆಗೆ ಕಳುಹಿಸಬೇಕು, ಜತೆಗೆ ಒಬ್ಬನನ್ನು ಕೊಡಬೇಕು. ಮೂಟೆ, ಸಿಲಿಂಡರು, ಕೊಪ್ಪರಿಗೆಗಳಿಗೆ ಇಬ್ಬರು ಹಾಗೂ ಒಂದು ಕೈಗಾಡಿ. ಇನ್ನು ರಕ್ತದ ಒತ್ತಡ ಅಳೆಯುವ ಯಂತ್ರ: ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಗಲ್ಲಾದ ಮೇಲೆ ಕಾರ್ಡು ಉಜ್ಜುವ ಯಂತ್ರ ಬಂತು, ಮೊಬೈಲಿನಿಂದ ಹಣ ಬಂತೆಂದು ಕೂಗಿ ಹೇಳುವ ಡಬ್ಬಿ ಬಂತು, ಮೂಲೆಮೂಲೆಗೂ ನಮ್ಮ ಮೇಲೆ ಕಣ್ಣಿಡುವ ಕ್ಯಾಮೆರಾ ಬಂತು. ಈ ಒಂದು ಯಂತ್ರ ಮಾತ್ರ ಏಕೆ ದುಬಾರಿಯಾಯಿತು?

ನಮ್ಮವರಿಗೂ ಒಂದು ಕರಾರಿದೆ. ಯಂತ್ರ ಬಂದ ಮೇಲೆ "ನನಗೇನಾಗಿದೆ, ನಾನು ಕಲ್ಲಿನಂತಿದ್ದೇನೆ" ಎಂದು ತೋಳು ಕೊಡದೆ ತಪ್ಪಿಸಿಕೊಳ್ಳಬಾರದು. ಒತ್ತಡ ಹೆಚ್ಚಿದ್ದವನು ಎರಡು ವಾರ ಗುಳಿಗೆ ನುಂಗಿ ಮೂರನೆಯ ವಾರ ಬಿಡಬಾರದು.

ಮೇಲಿನ ಬೇಡಿಕೆಗಳನ್ನೆಲ್ಲ ಒಂದು ಅರ್ಜಿಯಾಗಿ ಬರೆದಿದ್ದೇವೆ. ಅದು ಪ್ರತಿ ಹೊಟೇಲಿನ ಮಾಲಕರಿಗೂ ಹೋಗಲಿದೆ. ಸಹಿಗಾಗಿ ಕಚೇರಿಯಲ್ಲಿ ಇಟ್ಟಿದ್ದೇವೆ. ಕೊನೆಯ ಪಂಕ್ತಿ ಎದ್ದ ಮೇಲೆಯೇ ನಿಮಗೆ ಬಿಡುವೆಂಬುದು ಗೊತ್ತಿರುವುದರಿಂದ ರಾತ್ರಿ ಹನ್ನೊಂದೂವರೆಯವರೆಗೆ ಬಾಗಿಲು ತೆರೆದಿರುತ್ತದೆ. ಹೆಬ್ಬೆಟ್ಟೂ ನಡೆಯುತ್ತದೆ.